ಹೆಸರು ಹಿಡಿದು ಕರೆದರೆ

ನನ್ನ ತಮ್ಮ ರೇವಣಪ್ಪನಿಗೆ ಹೆಂಡತಿಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ ಗುಡ್ಡ ತೋರಿಸಬೇಕೆಂಬ ಹುಚ್ಚು ಹಿಡಿದದ್ದು ಮದುವೆಯಾದ ಮಾರನೆಯ ವರ್ಷ. ಲಕ್ಕವಳ್ಳಿಯಲ್ಲಿ ಆಗಿನ್ನೂ ಅಣೆ ಕಟ್ಟುತ್ತಿದ್ದರು. ನಮ್ಮದು ಚೌಳಹಿರಿಯೂರಿನ ಕಡೆಯ ಬಯಲು. ಮಳೆ ಬಂದು ಹೊಳವಾದ ಬೆಳಿಗ್ಗೆ ಹೊಲದಲ್ಲಿ ನಿಂತು ಪಡುವಣಕ್ಕೆ ನೋಡಿದರೆ ಬೆಟ್ಟದ ಸಾಲು ನೀಲಿಯಾಗಿ ಕಾಣುತ್ತದೆ, ಬಿಸಿಲೇರಿದರೆ ಅದೂ ಇಲ್ಲ. ಹಾಲಮ್ಮ ಹುಟ್ಟಿದ್ದೂ ಬಯಲಲ್ಲಿ, ಸೊಸೆಯಾಗಿ ಬಂದದ್ದೂ ಬಯಲಿಗೆ. ಬೆಟ್ಟ ಕಂಡ ದಿನ ಕಳೆ ಕೀಳುವುದನ್ನು ಬಿಟ್ಟು ಬಾಯಿ ತೆರೆದುಕೊಂಡು ನಿಂತುಬಿಡುತ್ತಿದ್ದಳು.

"ಅದ್ರ ಮೇಲೆ ಏನೈತೆ ಅತ್ಗೆ?"

"ಕಲ್ಲೈತೆ. ಬಗ್ಗಿ ಕಳೆ ಕೀಳು," ಎನ್ನುತ್ತಿದ್ದೆ ನಾನು.

ಗಂಡ ಹೆಂಡತಿ ಇಬ್ಬರೇ ಊರು ಸುತ್ತಲು ಹೊರಟರೆ ಜನ ಸುಮ್ಮನಿರುತ್ತಾರೆಯೇ? ಅದಕ್ಕೇ ನನ್ನನ್ನೂ ಗಾಡಿಗೆ ಹತ್ತಿಸಿದರು. ನಾನು ತಿಮ್ಮಕ್ಕ. ಗಂಡನನ್ನು ಕಳೆದುಕೊಂಡು ಸಣ್ಣ ವಯಸ್ಸಿನಲ್ಲೇ ತವರಿಗೆ ಬಂದವಳು. ಅವ್ವ ಸತ್ತ ಮೇಲೆ ರೇವಣನನ್ನು ಎತ್ತಿ ಆಡಿಸಿದ್ದು, ಉಣ್ಣಿಸಿದ್ದು, ಬೈದದ್ದು ಎಲ್ಲ ನಾನೇ. ನನ್ನ ಬಾಯಿ ಜೋರು ಎಂದು ಊರೇ ಹೇಳುತ್ತದೆ. ಹೇಳಲಿ. ಈ ಬಾಯಿ ಇಲ್ಲದಿದ್ದರೆ ಆ ಮನೆ ಎಂದೋ ಮೂರಾಬಟ್ಟೆಯಾಗುತ್ತಿತ್ತು.

ದೀಪಾವಳಿ ಕಳೆದಿತ್ತು, ರಾಗಿ ಕೊಯ್ಲಿಗೆ ಇನ್ನೂ ಬಿಡುವಿತ್ತು. ಕಮಾನು ಗಾಡಿಗೆ ಹುಲ್ಲು ಹಾಸಿ, ಮೇಲೆ ಕಂಬಳಿ ಹಾಕಿ, ರಾಗಿ ಹಿಟ್ಟು, ಹುರುಳಿಕಾಳು, ಒಂದು ಮಡಕೆ ಕಟ್ಟಿಕೊಂಡು ಹೊರಟೆವು. ಅಜ್ಜಂಪುರದ ಹರಾಜಿನಲ್ಲಿ ತಂದ ಅಮೃತಮಹಲ್ ಜೋಡಿ. ಆ ಊರು ಹತ್ತಿರವಾಗುತ್ತಲೇ ಎತ್ತುಗಳು ತಾವೇ ಓಡತೊಡಗಿದವು. "ತವರು ನೆನಪಾತು ನೋಡಕ್ಕ, ನಿನ್ನಂಗೇ" ಎಂದು ತಮ್ಮ ನಕ್ಕ. "ಮುಚ್ಕೊಂಡು ಹಗ್ಗ ಹಿಡಿ" ಎಂದೆ. ಕತ್ತಲಾಗುವ ಹೊತ್ತಿಗೆ ಒಂದು ಮರ, ಅದರಡಿ ಮೂರು ಕಲ್ಲು, ಒಂದು ಮುದ್ದೆ ಬೇಯುವಷ್ಟು ಸೌದೆ. ಹಾಲಮ್ಮ ಅಷ್ಟು ನಕ್ಕದ್ದನ್ನು ಮನೆಯಲ್ಲಿ ನಾನು ಕಂಡಿರಲಿಲ್ಲ. ನೋಡಿ ನನಗೂ ಖುಷಿಯಾಯಿತು, ತೋರಿಸಿಕೊಳ್ಳಲಿಲ್ಲ.

ಲಕ್ಕವಳ್ಳಿಯಲ್ಲಿ ಅಣೆ ನೋಡಲು ಹೋದಾಗ ಗೇಟಿನವನು ಯಾರು, ಎಲ್ಲಿಂದ ಎಂದು ವಿಚಾರಿಸಿದ. ರೇವಣ ಎತ್ತುಗಳಿಗೆ ನೀರು ಕುಡಿಸಲು ಹೋಗಿದ್ದ. "ನಿಮ್ಮ ಯಜಮಾನ್ರ ಹೆಸರೇನಮ್ಮಾ?" ಎಂದು ಹಾಲಮ್ಮನನ್ನು ಕೇಳಿದರೆ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನನ್ನ ಮುಖ ನೋಡಿದಳು. "ರೇವಣಪ್ಪ ಅಂತ ಬರ್ಕಳಪ್ಪಾ" ಎಂದು ನಾನೇ ಹೇಳಿದೆ. ಬಾಯಲ್ಲಿ ಹೆಸರು ಬಂದರೆ ಗಂಡನ ಆಯುಸ್ಸು ಕಮ್ಮಿಯಾಗುತ್ತದೆ ಎಂದು ಹೇಳಿಕೊಟ್ಟೇ ನಮ್ಮಲ್ಲಿ ಹೆಣ್ಣುಮಕ್ಕಳನ್ನು ಗಂಡನ ಮನೆಗೆ ಕಳಿಸುವುದು. ನಾನು ನನ್ನ ಗಂಡನ ಹೆಸರನ್ನು ಅಪ್ಪಿತಪ್ಪಿಯೂ ಎತ್ತಿದವಳಲ್ಲ. ಆದರೂ ಆ ಮನುಷ್ಯ ಮೀಸೆ ಬಲಿಯುವ ಮೊದಲೇ ಹೊರಟುಹೋದ. ಅದು ಯಾವ ನ್ಯಾಯವೋ ದೇವರೇ ಬಲ್ಲ!

ಅಲ್ಲಿಂದ ಲಿಂಗದಹಳ್ಳಿ ದಾಟಿ ಕಲ್ಲತ್ತಿಗಿರಿಯ ಬುಡಕ್ಕೆ ಬಂದೆವು. ನೀರು ಬೀಳುವ ಸದ್ದಿನಲ್ಲಿ ಮಾತಾಡಬೇಕಾದರೂ ಕೂಗಬೇಕು. ಸ್ವಲ್ಪ ದೂರ ಗಾಡಿ ಬಿಟ್ಟು ಒಲೆ ಹೂಡಿದೆವು. ಸಂಜೆ ಬೆಂಕಿಯ ಮುಂದೆ ಕೂತು ರೇವಣ ನಮ್ಮ ತಾತ ದೊಡ್ಡಬೀರಪ್ಪನ ಮಾತು ತೆಗೆದ. ತಾತ ಬೇಸಿಗೆಯಲ್ಲಿ ಕುರಿ ಹೊಡೆದುಕೊಂಡು ಈ ಗುಡ್ಡದ ತಪ್ಪಲಿಗೇ ಬರುತ್ತಿದ್ದದ್ದು.

"ಈ ಗುಡ್ಡದಾಗೆ ಒಂದು ಕೂಗ್ತದೆ ಕಣೇ," ಎಂದ ಹೆಂಡತಿಗೆ. "ನಮ್ಮೋರ ದನೀನಾಗೇ ಕೂಗ್ತದೆ. ಎಲ್ಲಿದೀಯಾ, ಬಾ ಅಂತದೆ. ಓ ಅಂದ್ಯೋ, ಹಂಗೇ ಕರ್ಕೊಂಡೋಗಿ ಕಮರಿಗೆ ನೂಕ್ತದೆ. ಆದ್ರೆ ಅದಕ್ಕೆ ಹೆಸರು ಹೇಳಾಕೆ ಬರಾಕಿಲ್ಲ. ಹೆಸರಿಡಿದು ಕರೆದ್ರೆ ಮಾತ್ರ ಓ ಅನ್ಬೇಕು. ಇಲ್ದಿದ್ರೆ ಹೆತ್ತವ್ವನ ದನಿ ಆದ್ರೂ ತುಟಿ ಬಿಚ್ಬಾರ್ದು."

"ಏ, ಸುಮ್ನಿರೋ. ಹುಡುಗೀನ ಯಾಕೆ ಹೆದರಿಸ್ತೀಯ?" ಎಂದೆ.

"ಹೆದರ್ಸೋದಲ್ಲ ಕಣಕ್ಕ. ತಾತ ಹೇಳಿದ್ದು."

ಕೂತಿದ್ದ ಕಂಬಳಿಯ ಮೇಲೆ ಅವಳ ಕೈ ಇಡಿಸಿ ಆಣೆ ಮಾಡಿಸಿದ. ತಾನೂ ಕೈ ಇಟ್ಟು ಆಣೆ ಮಾಡಿದ. ಕುರುಬರಾದ ನಮಗೆ ಕಂಬಳಿ ಮುಟ್ಟಿ ಆಡಿದ ಮಾತಿಗಿಂತ ದೊಡ್ಡದಿಲ್ಲ.

ನೋಡಿ, ಹೆಸರಿಲ್ಲದ ಕೂಗಿಗೆ ಅವನು ಓಗೊಡುವುದಿಲ್ಲ. ಅವಳು ಹೆಸರು ಹೇಳುವವಳಲ್ಲ. ಮೂರು ಜನ ಒಂದೇ ಬೆಂಕಿಯ ಮುಂದೆ ಕೂತಿದ್ದೆವು, ಒಬ್ಬರ ತಲೆಗೂ ಇದು ಹೋಗಲಿಲ್ಲ. ಬಯಲಿನಲ್ಲಿ ಯಾರು ಯಾರನ್ನು ಕೂಗಿ ಹುಡುಕಬೇಕಿತ್ತು? ಎದ್ದು ನಿಂತರೆ ಕಾಣುತ್ತಿದ್ದರು.

ಬೆಳಿಗ್ಗೆ ಅವರಿಬ್ಬರೂ ಗುಡ್ಡ ಹತ್ತಿದರು. ಕೆಮ್ಮಣ್ಣುಗುಂಡಿಯ ಅದಿರನ್ನು ತಂತಿಯ ಮೇಲೆ ತೊಟ್ಟಿಗಳಲ್ಲಿ ಇಳಿಸುತ್ತಾರೆ, ಮೇಲಿನಿಂದ ಅದು ಚೆನ್ನಾಗಿ ಕಾಣುತ್ತದೆ ಎಂದು ಯಾರೋ ತಮ್ಮನಿಗೆ ಹೇಳಿದ್ದರು. ನನ್ನ ಮಂಡಿ ನೋವು, ಹತ್ತುವುದಾಗುವುದಿಲ್ಲ. "ಎತ್ತು ಕಾಯ್ಕೊಂಡಿರ್ತೀನಿ, ಹೋಗಿ ಬರ್ರಿ, ಮಧ್ಯಾಹ್ನಕ್ಕೆ ಮುದ್ದೆ ಆರಿದ್ರೆ ನಾನು ಜವಾಬ್ದಾರಳಲ್ಲ" ಎಂದೆ. ಹಾಲಮ್ಮ ತಿರುಗಿ ತಿರುಗಿ ಕೈ ಬೀಸುತ್ತಾ ಹೋದಳು.

ಮೇಲೆ ನಡೆದದ್ದನ್ನು ಹಾಲಮ್ಮ ಆಮೇಲೆ ಚೂರು ಚೂರಾಗಿ ಹೇಳಿದ್ದು. ಇಬ್ಬರೂ ಒಂದು ಬಂಡೆಯ ಮೇಲೆ ಕೂತು ತೊಟ್ಟಿಗಳು ಆಕಾಶದಲ್ಲಿ ಹೋಗುವುದನ್ನು ನೋಡಿದರಂತೆ. ನಮ್ಮ ಹೊಲ ಎಲ್ಲಿದೆ ಎಂದು ಬಯಲ ಕಡೆ ಕೈ ತೋರಿಸಿ ಹುಡುಕಿದರಂತೆ. ನೀಲಿ ಬೆಟ್ಟದ ಮೇಲೆ ಕೂತು ನೋಡಿದರೆ ನಮ್ಮ ಬಯಲೇ ನೀಲಿಯಾಗಿತ್ತಂತೆ! "ಬಾಯಾರಿಕೆ" ಎಂದಳಂತೆ ಇವಳು. "ಇಲ್ಲೇ ಎಲ್ಲೋ ನೀರಿನ ಸದ್ದೈತೆ, ತತ್ತೀನಿ, ಕೂತ ಕಡೆಯಿಂದ ಅಲ್ಲಾಡಬ್ಯಾಡ" ಎಂದು ಚೆಂಬು ಹಿಡಿದು ಅವನು ಇಳಿದ. ಅವನ ಬೆನ್ನು ಮರೆಯಾಗುತ್ತಲೇ ಮಂಜು ಬಂತು. ಬಯಲಿನ ಮಂಜನ್ನು ನಾವು ಕಂಡಿದ್ದೇವೆ, ಬಿಸಿಲು ಬಂದರೆ ಹೋಗುತ್ತದೆ. ಇದು ಹಾಗಲ್ಲ. ಅವಳಿಗೆ ತಾನು ಕೂತ ಬಂಡೆಯೇ ಕಾಣಲಿಲ್ಲ. ಕೆಳಗೆಲ್ಲೋ ಕಲ್ಲು ಉರುಳಿದ ಸದ್ದು, ಚೆಂಬು ಬಡಿದ ಸದ್ದು ಕೇಳಿತು. ಆಮೇಲೆ ಏನೂ ಇಲ್ಲ.

"ಇವ್ರೇ... ಓ ಇವ್ರೇ... ಎಲ್ಲಿದೀರಾ, ಬನ್ರೀ..."

ಕೂಗಿದಳು. ಗಂಟಲು ಹರಿಯುವ ಹಾಗೆ ಕೂಗಿದಳು. ಎಲ್ಲಿದೀರಾ, ಬನ್ನಿ. ಹಿಂದಿನ ಸಂಜೆ ಅವನು ಹೇಳಿದ ಕೂಗೇ ಅದು, ಅದೇ ಮಾತು! ಅಯ್ಯೋ ನನ್ನ ಶಿವನೇ! ಕೆಳಗೆ ಪೊದೆಯಲ್ಲಿ ತೊಡೆ ಮುರಿದುಕೊಂಡು, ರಕ್ತ ಸುರಿಸಿಕೊಂಡು ಬಿದ್ದಿದ್ದ ನನ್ನ ತಮ್ಮ ಅಷ್ಟನ್ನೂ ಕೇಳಿಸಿಕೊಂಡು, ತಾನಾಗಿ ದನಿ ಎತ್ತಿದರೂ ಅದಕ್ಕೆ ಸಿಕ್ಕಿಬಿದ್ದೇನೆಂದು ಹಲ್ಲು ಕಚ್ಚಿಕೊಂಡು ಸುಮ್ಮನಿದ್ದ.

ಬಹಳ ಹೊತ್ತಿನ ಮೇಲೆ ಆ ದಾರಿಯಲ್ಲಿ ಒಬ್ಬ ಬಂದ. ಈರಭದ್ರಪ್ಪ ಎಂದು, ಅದಿರಿನ ತಂತಿಯ ಕಂಬಗಳಿಗೆ ಎಣ್ಣೆ ಹಾಕುವವನು. ಒಳ್ಳೆಯ ಮನುಷ್ಯ. ಬಂಡೆಯ ಸುತ್ತ ಹುಡುಕಿ, ಕೂಗಿ, ಉತ್ತರ ಬರದೆ, "ಬರೀ ಓಯ್ ಅಂದ್ರೆ ಯಾರು ಬತ್ತಾರಮ್ಮಾ? ಹೆಸರೇನು ಹೇಳು" ಎಂದು ಕೇಳಿದ.

ಅವಳು ಹೇಳಲಿಲ್ಲ. ಗಂಡ ಬದುಕಿದ್ದಾನೋ ಇಲ್ಲವೋ ಎನ್ನುವ ಹೊತ್ತಿನಲ್ಲಿ ಹೆಸರು ಎತ್ತಿ ಇರುವ ಆಯುಸ್ಸನ್ನೂ ಕಳೆಯಲೇ ಎಂದು ಅವಳ ಜೀವ ಹೆದರಿತು. "ಕೆಳಗೆ ಗಾಡಿ ತಾವ ನಮ್ಮ ಅತ್ಗೆ ಅವ್ರೆ. ಅವ್ರನ್ನ ಕೇಳ್ರಿ" ಎಂದಳು.

ಒಂದು ಹೆಸರು ಕೇಳಿಕೊಂಡು ಬರಲು ಆ ಮನುಷ್ಯ ಗುಡ್ಡ ಇಳಿದ.

ನಾನು ಆರಿದ ಮುದ್ದೆಯ ಮುಂದೆ ಕೂತು ಇಬ್ಬರಿಗೂ ಮನಸ್ಸಿನಲ್ಲೇ ಸಹಸ್ರನಾಮ ಮಾಡುತ್ತಿದ್ದೆ. ಏದುಸಿರು ಬಿಡುತ್ತಾ ಬಂದವನು, "ಅಮ್ಮಾ, ನಿಮ್ಮ ತಮ್ಮನ ಹೆಸರೇನು?" ಎಂದ. ವಿಷಯ ಕೇಳಿ ಮಂಡಿಯ ನೋವು ಮರೆತುಹೋಯಿತು. ಎತ್ತು, ಗಾಡಿ, ಮಡಕೆ ಎಲ್ಲ ಬಿಟ್ಟು ಅವನ ಹಿಂದೆ ಗುಡ್ಡ ಹತ್ತಿದೆ. ಹತ್ತುತ್ತಾ ಅವಳನ್ನೂ ಬೈದೆ, ಅವನನ್ನೂ ಬೈದೆ, ತಾತನನ್ನೂ ಬಿಡಲಿಲ್ಲ. ನೀರಿನ ಸದ್ದು ಹಿಂದಾಗುತ್ತಲೇ ಮೇಲಿನಿಂದ ಒಂದು ಕೂಗು ಕೇಳಿಸಿತು.

"ರೇವಣಪ್ಪಾ..."

ಹಾಲಮ್ಮನ ದನಿ. ನಾನು ನಿಂತಲ್ಲೇ ನಿಂತೆ. ಒಬ್ಬಳೇ ಕೂತಿದ್ದಾಗ ಅವಳಿಗೆ ಕಂಬಳಿಯ ಆಣೆ ನೆನಪಾಗಿತ್ತು. ಒಡೆದುಹೋದ ಗಂಟಲಲ್ಲಿ, ಹೆದರಿಕೊಂಡು, ಏನೋ ಕದಿಯುವವಳ ಹಾಗೆ ಮೊದಲ ಸಲ ಕರೆದಳು. ಆಮೇಲೆ ಜೋರಾಗಿ ಕರೆದಳು.

"ಓ..." ಎಂದಿತು ಕೆಳಗಿನಿಂದ. ಬಹಳ ಸಣ್ಣ ದನಿ. ಅವಳು ಕೂತ ಬಂಡೆಯಿಂದ ಒಂದು ಕೂಗಿನಷ್ಟೂ ದೂರವಿರಲಿಲ್ಲ.

ಈರಭದ್ರಪ್ಪ ಪೊದೆ ಹಿಡಿದುಕೊಂಡು ಇಳಿದು ಅವನನ್ನು ಬೆನ್ನ ಮೇಲೆ ಹಾಕಿಕೊಂಡು ಬಂದ. ಪಂಚೆಯೆಲ್ಲ ರಕ್ತ. ಮುಖದಲ್ಲಿ ರಕ್ತದ ಬಣ್ಣವೇ ಇರಲಿಲ್ಲ. ಹೆಂಡತಿಯನ್ನು ಕಂಡು, "ಆಗ್ಲಿಂದ ಕೂಗ್ತಿದ್ದೋಳು ನೀನೇನಾ?" ಎಂದ.

ಅವಳು ತಲೆ ಆಡಿಸಿದಳು.

"ನಾನು ಅದೇ ಅನ್ಕೊಂಡಿದ್ದೆ ಕಣೇ," ಎಂದ. "ನಿನ್ನ ದನೀನೂ ಕದ್ದೈತಲ್ಲಾ ಅಂತ ಸಿಟ್ಟು ಬಂದಿತ್ತು." ನಗಲು ನೋಡಿದ. ಆಗಲಿಲ್ಲ.

ಅವರು ಕೂರಲು ಒಯ್ದಿದ್ದ ಕಂಬಳಿಯಲ್ಲಿ ಮಲಗಿಸಿಕೊಂಡು ಕೆಳಗಿಳಿಸಿದೆವು. ಈರಭದ್ರಪ್ಪನೇ ಗಾಡಿ ಹೊಡೆದ. ಎತ್ತುಗಳು ತರೀಕೆರೆಯ ದಾರಿಯಲ್ಲಿ ಕಾಲಿಗೆ ನೆಲ ತಾಗದ ಹಾಗೆ ಓಡಿದವು. ನಾನು ತಮ್ಮನ ತೊಡೆಗೆ ನನ್ನ ಸೀರೆ ಹರಿದು ಬಿಗಿದು ಹಿಡಿದುಕೊಂಡಿದ್ದೆ. ಬಟ್ಟೆ ಮೂರು ಸಲ ಬದಲಾಯಿಸಿದರೂ ತೊಯ್ಯುವುದು ನಿಲ್ಲಲಿಲ್ಲ. ಅವನ ತಲೆ ಹಾಲಮ್ಮನ ತೊಡೆಯ ಮೇಲಿತ್ತು. ಲಿಂಗದಹಳ್ಳಿ ಕಳೆದ ಮೇಲೆ ಕಣ್ಣು ಮುಚ್ಚಿಕೊಂಡೇ, "ಇನ್ನೊಂದ್ಸಲ ಕರಿಯೇ," ಎಂದ. "ಚೆನ್ನಾಗಿತ್ತು."

ಅವಳು ನನ್ನ ಮುಖ ನೋಡಿದಳು. ಲಕ್ಕವಳ್ಳಿಯ ಗೇಟಿನಲ್ಲಿ ನೋಡಿದ ಹಾಗೇ ನೋಡಿದಳು. ಕರಿ ಎಂದು ನಾನು ಹೇಳಬೇಕಿತ್ತೋ, ಬೇಡ ಎನ್ನಬೇಕಿತ್ತೋ ನನಗೆ ಗೊತ್ತಿರಲಿಲ್ಲ. ತೊಡೆಯ ಬಟ್ಟೆಯನ್ನು ಇನ್ನಷ್ಟು ಬಿಗಿದೆ. ಅವಳು ಕರೆಯಲಿಲ್ಲ. ಬಗ್ಗಿ ಅವನ ಹಣೆಯ ಮೇಲೆ ಕೈ ಇಟ್ಟುಕೊಂಡು ಕೂತಳು. ಇರುವಷ್ಟು ಆಯುಸ್ಸಾದರೂ ಉಳಿಯಲಿ ಎಂದು.

ತರೀಕೆರೆ ಆಸ್ಪತ್ರೆಯ ಮುಂದೆ ಗಾಡಿ ನಿಂತಾಗ ಕತ್ತಲಾಗುತ್ತಿತ್ತು. ಡಾಕ್ಟರು ಗಾಡಿಯೊಳಗೇ ಬಗ್ಗಿ ನಾಡಿ ಹಿಡಿದು ನೋಡಿ, ಕೈಯನ್ನು ಮೆಲ್ಲಗೆ ಕಂಬಳಿಯ ಮೇಲೆ ಇಟ್ಟರು.

"ಕಾಲು ಮುರಿದದ್ದಕ್ಕೆ ಸಾಯಲ್ಲಮ್ಮ. ರಕ್ತ ಎಲ್ಲ ಹರಿದುಹೋಗಿದೆ. ಸ್ವಲ್ಪ ಮುಂಚೆ ಕೈಗೆ ಸಿಕ್ಕಿದ್ದರೆ..." ಎಂದು ಅಲ್ಲಿಗೇ ನಿಲ್ಲಿಸಿದರು.

ಹಾಲಮ್ಮ ಅದನ್ನು ಕೇಳಿಸಿಕೊಂಡಳು. ನಾನು ಎದೆ ಬಡಿದುಕೊಂಡು ಅತ್ತೆ. ಬೆಳೆಸಿದ ಕೈಯಿಂದಲೇ ಅವನ ಕಾಲು ಹಿಡಿದುಕೊಂಡು ಅತ್ತೆ. ಅವಳ ಕಣ್ಣಲ್ಲಿ ಒಂದು ಹನಿ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಆಸ್ಪತ್ರೆಯ ಗುಮಾಸ್ತ ದೀಪ ಹಿಡಿದುಕೊಂಡು ಬಂದು, "ತೀರಿಕೊಂಡವರ ಹೆಸರು?" ಎಂದು ಕೇಳಿದ. ಹೇಳಬೇಕಾದವಳು ನಾನೇ ಎಂದು ಬಾಯಿ ತೆರೆದೆ.

"ರೇವಣಪ್ಪ," ಎಂದಳು ಹಾಲಮ್ಮ.

ನಾನು ಬೆಚ್ಚಿ ಅವಳ ಕಡೆ ತಿರುಗಿದೆ. ಅವಳು ಗಂಡನ ಮುಖವನ್ನೇ ನೋಡುತ್ತಿದ್ದಳು.

"ಇನ್ನು ಹೇಳ್ಬೋದಲ್ಲ ಅತ್ಗೆ," ಎಂದಳು. "ಕಮ್ಮಿ ಆಗಾಕೆ ಇನ್ನೇನೈತೆ?"

ಆಮೇಲೆ ಅವನ ಕಿವಿಯ ಹತ್ತಿರ ಬಗ್ಗಿ, ಗಾಡಿಯಲ್ಲಿ ಅವನು ಕೇಳಿದ ಹಾಗೆ ಇನ್ನೊಂದು ಸಲ ಕರೆದಳು. ಮತ್ತೆ ಕರೆದಳು. ಗುಮಾಸ್ತ ಬರೆದುಕೊಂಡು ಹೋದ ಮೇಲೂ ಕರೆಯುತ್ತಲೇ ಇದ್ದಳು.