ಬಿಟ್ಟುಕೊಟ್ಟ ಸರದಿ

ಅಜ್ಜಿಯ ಮಾತೊಂದು ಮೈಸೂರಿನಿಂದ ಜಪಾನಿನ ಕಾವಾಸಾಕಿಯವರೆಗೆ ಬಂದು, ತನ್ನ ಮಗಳ ಆಟಕ್ಕೇ ಕಲ್ಲು ಹಾಕುತ್ತದೆಂದು ಕೋಕಿಲಾ ಕನಸಿನಲ್ಲೂ ಎಣಿಸಿರಲಿಲ್ಲ. ತಪ್ಪು ಅಜ್ಜಿಯದಲ್ಲ ಬಿಡಿ. ಆ ಮಾತನ್ನು ಜತನದಿಂದ ಹೊತ್ತು ತಂದವಳು ಇವಳೇ.

ಕೋಕಿಲಾ ಬೆಳೆದದ್ದು ಸರಸ್ವತಿಪುರಂನ ಒಂದು ಅಡ್ಡರಸ್ತೆಯಲ್ಲಿ, ಅಜ್ಜಿ ವಿಶಾಲಾಕ್ಷಮ್ಮನವರ ಮನೆಯಲ್ಲಿ. ಬೇಸಿಗೆ ರಜೆ ಬಂತೆಂದರೆ ಹುಬ್ಬಳ್ಳಿಯಿಂದ, ದಾವಣಗೆರೆಯಿಂದ ಅತ್ತೆಯ ಮಕ್ಕಳು, ಚಿಕ್ಕಪ್ಪನ ಮಕ್ಕಳು ಬಂದಿಳಿಯುತ್ತಿದ್ದರು. ಬಿಸಿಲು ಇಳಿಯುವುದೇ ತಡ, ರಸ್ತೆಯ ನಡುವೆ ಲಗೋರಿ ಶುರು. ಗುರಿಯಿಟ್ಟು ಚೆಂಡೆಸೆಯುವುದರಲ್ಲಿ ಕೋಕಿಲಾಳನ್ನು ಮೀರಿಸುವವರು ಆ ರಸ್ತೆಯಲ್ಲಿ ಯಾರೂ ಇರಲಿಲ್ಲ. ಹಾಗೆಂದು ಅವಳೇ ಹೇಳುತ್ತಾಳೆ, ನಾವೂ ನಂಬೋಣ. ಆದರೆ ಅವಳು ಚೆಂಡು ಕೈಗೆತ್ತಿಕೊಳ್ಳುವ ಹೊತ್ತಿಗೆ ಸರಿಯಾಗಿ ಗೇಟಿನ ಬಳಿ ಅಜ್ಜಿ ಪ್ರತ್ಯಕ್ಷ.

"ಕೃಪಾಗೆ ಕೊಡೇ. ಬಂದ ಮಕ್ಕಳು ನಾಲ್ಕು ದಿನ ಇದ್ದು ಹೋಗ್ತಾರೆ. ನಿನಗೆ ವರ್ಷಪೂರ್ತಿ ಬೀದಿ ಇದೆ."

ಕೋಕಿಲಾ ಮುಖ ಊದಿಸಿಕೊಂಡು ಕಾಂಪೌಂಡಿನ ಮೇಲೆ ಹತ್ತಿ ಕೂರುತ್ತಿದ್ದಳು. ಹುಬ್ಬಳ್ಳಿಯಿಂದ ಬಂದ ಕೃಪಾಳಿಗೆ ಜೋಡಿಸಿಟ್ಟ ಕಲ್ಲುಗಳನ್ನು ಬೀಳಿಸುವುದಿರಲಿ, ಚೆಂಡನ್ನು ನೆಟ್ಟಗೆ ಎಸೆಯಲೂ ಬರುತ್ತಿರಲಿಲ್ಲ. ಇವಳಿಗೆ ಹೊಟ್ಟೆ ಉರಿಯುತ್ತಿತ್ತು. ಕೊನೆಗೆ ಅಜ್ಜಿಯೇ ಬಂದು, ಸೆರಗಿನ ಮರೆಯಿಂದ ಒಂದು ತುಂಡು ಕೊಬ್ಬರಿ ಮಿಠಾಯಿಯನ್ನು ಅವಳ ಕೈಗೆ ತುರುಕಿ, ಏನೂ ಆಗದವರಂತೆ ಒಳಗೆ ಹೋಗುತ್ತಿದ್ದರು. ರಜೆ ಮುಗಿದು ಎಲ್ಲರೂ ಬಸ್ಸು ಹತ್ತಿದ ಮೇಲೆ ರಸ್ತೆಯೆಲ್ಲ ಅವಳದೇ. ಆದರೆ ಜೊತೆಗೆ ಆಡಲು ಯಾರಿರುತ್ತಿದ್ದರು? ಈಗ ನೆನೆದರೆ ಆ ಹೊಟ್ಟೆಯುರಿಯೂ ಬೇಕು ಅನ್ನಿಸುತ್ತದೆ.

ಈ ಕಥೆಯನ್ನು ಕೋಕಿಲಾ ಮಗಳು ಸಂಜನಾಳಿಗೆ ಜಡೆ ಹೆಣೆಯುವಾಗಲೆಲ್ಲ ಹೇಳಿದ್ದಾಳೆ. ಎರಡು ವರ್ಷದ ಕೂಸಾಗಿ ಕಾವಾಸಾಕಿಗೆ ಬಂದ ಸಂಜನಾ ಈಗ ಐದನೇ ಕ್ಲಾಸು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲೋ ಜಪಾನಿಯಲ್ಲೋ ಉತ್ತರ ಕೊಡುವವಳು, ಮುತ್ತಜ್ಜಿಯ ಆ ಮಾತನ್ನು ಮಾತ್ರ ಅಚ್ಚ ಮೈಸೂರಿನ ರಾಗದಲ್ಲಿ ಒಪ್ಪಿಸುತ್ತಾಳೆ.

ಹುಡುಗಿಯರ ಸಾಫ್ಟ್‌ಬಾಲ್ ತಂಡದಲ್ಲಿ ಅವಳು ಸೆಕೆಂಡ್ ಬೇಸ್ ಕಾಯುತ್ತಾಳೆ. ಆಡಲು ಬೇಕಾದವರು ಒಂಬತ್ತು, ತಂಡದಲ್ಲಿದ್ದವರೂ ಸರಿಯಾಗಿ ಒಂಬತ್ತೇ ಮಕ್ಕಳು. ಮಕ್ಕಳು ಹುಟ್ಟುವುದೇ ಕಡಿಮೆಯಾಗಿ ಶಾಲೆಗಳೇ ಖಾಲಿಯಾಗುತ್ತಿರುವ ಈ ಕಾಲದಲ್ಲಿ ಅಷ್ಟು ಸಿಕ್ಕಿದ್ದೇ ಪುಣ್ಯ. ಫೆಬ್ರವರಿಯಲ್ಲಿ ಒಬ್ಬಳ ಮಣಿಕಟ್ಟು ಉಳುಕಿತು. ಮಾರ್ಚಿನ ಪಂದ್ಯಾವಳಿಗೆಂದು ಕೋಚ್ ಒಗಾವಾ ಸಾನ್ ದೂರದ ಕಾಶಿವಾ ಊರಿನಿಂದ ಮಿಯು ಎಂಬ ಹುಡುಗಿಯನ್ನು ಗೆಸ್ಟ್ ಆಟಗಾರ್ತಿಯಾಗಿ ಕರೆದರು. ಅವಳ ಸ್ವಂತ ತಂಡ ಮಕ್ಕಳಿಲ್ಲದೆ ಮುಚ್ಚಿಹೋಗಿತ್ತು. ಅಷ್ಟರಲ್ಲಿ ಮಣಿಕಟ್ಟು ವಾಸಿಯಾಯಿತು. ಕರೆದ ಮಗುವನ್ನು ಬರಬೇಡ ಅನ್ನಲಾದೀತೆ? ಹೀಗೆ ಒಂಬತ್ತು ಜಾಗಕ್ಕೆ ಹತ್ತು ಮಕ್ಕಳಾದರು. ವಾರವಾರ ಅಭ್ಯಾಸಕ್ಕೆ ಬಂದವರಿಗೆ ಮೊದಲು ಆಟ, ಗೆಸ್ಟ್‌ಗೆ ಆಮೇಲೆ ಎಂದು ಒಗಾವಾ ಸಾನ್ ನಿಯಮ ಹಾಕಿದರು. ತಾಯಂದಿರೆಲ್ಲ ತಲೆದೂಗಿದರು. ಎಲ್ಲರಿಗಿಂತ ಜೋರಾಗಿ ತಲೆದೂಗಿದವಳು ಕೋಕಿಲಾ.

ಅದಕ್ಕೊಂದು ಕಾರಣವಿತ್ತು. ಗಂಡ ಪ್ರಶಾಂತನನ್ನು ಕಂಪನಿ ಬೆಂಗಳೂರಿಗೆ ವಾಪಸು ಕರೆಸಿಕೊಳ್ಳುತ್ತಿತ್ತು. ತಿಂಗಳ ಕೊನೆಗೆ ಹೊರಡುವುದು, ಟಿಕೆಟ್ ಕೂಡ ಆಗಿತ್ತು. ಇದು ಸಂಜನಾಳಿಗೆ ಇನ್ನೂ ಗೊತ್ತಿರಲಿಲ್ಲ. ಪಂದ್ಯಾವಳಿ ಮುಗಿಯಲಿ, ಮಗು ಕೊನೆಯ ಸಲ ಹಗುರ ಮನಸ್ಸಿನಿಂದ ಆಡಲಿ, ಆಮೇಲೆ ಹೇಳೋಣ ಎಂದು ಗಂಡ ಹೆಂಡತಿ ಯಾರ ಬಳಿಯೂ ಬಾಯಿ ಬಿಟ್ಟಿರಲಿಲ್ಲ.

ಭಾನುವಾರ ಬೆಳಗಿನ ಪಂದ್ಯವನ್ನು ತಂಡ ಗೆದ್ದಿತು. ನದಿ ದಂಡೆಯ ಮೈದಾನದಲ್ಲಿ, ಸೇತುವೆಯ ಮೇಲೆ ರೈಲು ಹಾಯುವಾಗಲೆಲ್ಲ ಮಕ್ಕಳ ಕೂಗು ಮುಳುಗಿ ಮತ್ತೆ ಕೇಳಿಸುತ್ತಿತ್ತು. ಇದನ್ನೂ ಮುಂದೆ ಬೆಂಗಳೂರಿನಲ್ಲಿ ಕೂತು ನೆನೆಯುತ್ತೇನೆ ಎಂದು ಕೋಕಿಲಾಳಿಗೆ ಆಗಲೇ ಅನ್ನಿಸತೊಡಗಿತ್ತು. ಮಿಯು ಬೆಂಚಿನ ತುದಿಯಲ್ಲಿ ಕೂತೇ ಇದ್ದಳು. ಊಟದ ಹೊತ್ತಿಗೆ ಉಳಿದವರೆಲ್ಲ ನೀಲಿ ಶೀಟಿನ ಮೇಲೆ ಗುಂಪಾಗಿ ಕೂತರೆ, ಅವಳು ಕೊಂಬಿನಿ ಅಂಗಡಿಯಿಂದ ತಂದ ಅನ್ನದುಂಡೆಯನ್ನು ಒಬ್ಬಳೇ ತಿಂದಳು. ಅಂದು ಚಹಾ ಹಂಚುವ ಪಾಳಿ ಕೋಕಿಲಾಳದು. ಲೋಟ ಕೊಟ್ಟಾಗ ಆ ಹುಡುಗಿ ಎದ್ದು ನಿಂತು, ಬಗ್ಗಿ ಅರಿಗಾತೋ ಹೇಳಿದಳು. ಅವಳ ಬೂಟಿಗೆ ಚೂರೂ ಮಣ್ಣಾಗಿರಲಿಲ್ಲ. ಸಂಜನಾ ಕೂಡ ಆ ಬೂಟುಗಳನ್ನೇ ನೋಡುತ್ತಿದ್ದಳೆಂಬುದು ಕೋಕಿಲಾಳ ಗಮನಕ್ಕೆ ಬರಲಿಲ್ಲ.

ಮಧ್ಯಾಹ್ನದ ಪಂದ್ಯವೇ ಕೊನೆಯದು. ತಂಡ ಮೈದಾನಕ್ಕಿಳಿದಾಗ ಸೆಕೆಂಡ್ ಬೇಸಿನ ಬಳಿ ನಿಂತವಳು ಮಿಯು. ಕೋಕಿಲಾ ಫ್ಲಾಸ್ಕನ್ನು ಅಲ್ಲೇ ಕುಕ್ಕಿ ಬೆಂಚಿನ ಕಡೆ ಓಡಿ, ಯಾಕೆ ಕೂತಿದ್ದೀಯ ಎಂದು ಮಗಳನ್ನು ಕೇಳಿದಳು.

"ನಾನೇ ಕೋಚ್‌ಗೆ ಹೇಳ್ದೆ. ಮಿಯು ಅಷ್ಟು ದೂರದಿಂದ ಬಂದಿದ್ದಾಳೆ ಅಮ್ಮ, ಶೀ ಡಿಡಂಟ್ ಪ್ಲೇ ಅಟ್ ಆಲ್." ಸಂಜನಾ ನಕ್ಕಳು. "ನನಗೆ ವರ್ಷಪೂರ್ತಿ ಗ್ರೌಂಡ್ ಇದೆ."

ಹೆಮ್ಮೆಪಡಬೇಕಾದ ಮಾತು, ಆದರೆ ಕೋಕಿಲಾ ಅಲ್ಲಿ ನಿಲ್ಲಲಿಲ್ಲ. ಸೀದಾ ಒಗಾವಾ ಸಾನ್ ಬಳಿಗೆ ಹೋಗಿ, ಸುಮಿಮಾಸೆನ್ ಸುಮಿಮಾಸೆನ್ ಎಂದು ಕ್ಷಮೆ ಕೇಳುತ್ತಲೇ ವಿಷಯವನ್ನೆಲ್ಲ ಹೇಳಿ, ಇದು ಮಗಳ ಕೊನೆಯ ಆಟ, ದಯವಿಟ್ಟು ಇಳಿಸಿ ಎಂದು ಬೇಡಿದಳು. ಅವರು ಟೋಪಿ ತೆಗೆದು ತಲೆಬಾಗಿದರು. ಸರದಿ ಸಂಜನಾಳದು, ಬಿಟ್ಟುಕೊಟ್ಟವಳೂ ಅವಳೇ. ಅವಳೇ ಬಂದು ಕೇಳಿದರೆ ಮುಂದಿನ ಇನಿಂಗ್ಸಿಗೇ ಇಳಿಸುತ್ತೇನೆ, ಅಮ್ಮಂದಿರು ಕೇಳಿದರೆ ಮಾತ್ರ ಆಗುವುದಿಲ್ಲ ಎಂದರು. ನ್ಯಾಯವಾದ ಮಾತೇ. ಆ ಕ್ಷಣಕ್ಕೆ ಕೋಕಿಲಾಳಿಗೆ ನ್ಯಾಯ ಕಟ್ಟಿಕೊಂಡು ಏನಾಗಬೇಕಿತ್ತು?

ಇನ್ನು ಮುಚ್ಚಿಡಲು ದಾರಿಯಿರಲಿಲ್ಲ. ತಂಡ ಬ್ಯಾಟಿಂಗಿಗೆ ಮರಳಿ ಬೆಂಚು ತುಂಬಿಕೊಂಡಾಗ ಮಗಳನ್ನು ಹಿಂದಕ್ಕೆ ಕರೆದು, ಅವಳೆದುರು ಕುಕ್ಕರುಗಾಲಲ್ಲಿ ಕೂತು, ಎಲ್ಲವನ್ನೂ ಹೇಳಿಬಿಟ್ಟಳು. ಸಂಜನಾ ಅಳಲಿಲ್ಲ. ಗ್ಲೌಸಿನ ದಾರವನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಳು. ಯಾಕೆ ಮೊದಲೇ ಹೇಳಲಿಲ್ಲ ಎಂದು ಬೈದಿದ್ದರೆ ಚೆನ್ನಾಗಿತ್ತು ಎಂದು ಕೋಕಿಲಾಳಿಗೆ ಅನ್ನಿಸಿತು.

"ಹೋಗಿ ಕೋಚ್‌ನ ಕೇಳು, ಪುಟ್ಟಿ. ಎಲ್ರಿಗೂ ಹೇಳೋಣ. ಯಾರೂ ಬೇಡ ಅನ್ನಲ್ಲ."

"ಬೇಡ. ಯಾರಿಗೂ ಹೇಳಬೇಡ." ಸಂಜನಾ ಬೆಂಚಿನ ಕಡೆ ನೋಡಿದಳು. "ಹೇಳಿದ್ರೆ ಎಲ್ಲರೂ ಪೊಲೈಟ್ ಆಗ್ತಾರೆ. ಮಿಯು ಹತ್ರ ಮಾತಾಡ್ತಾರಲ್ಲ, ಹಾಗೆ. ಇವತ್ತೊಂದು ದಿನ ನಾನು ಗೆಸ್ಟ್ ಅಲ್ಲ, ಅಮ್ಮ."

ಅಷ್ಟರಲ್ಲಿ ಬೆಂಚಿನಿಂದ ಒಬ್ಬಳು ತಿರುಗಿ, ಹೆಲ್ಮೆಟ್ ಎಲ್ಲಿ ಬಿಸಾಕಿದೆ, ಬೇಗ ತಾ ಎಂದು ಸಂಜನಾಳನ್ನು ಗದರಿದಳು. ಮರ್ಯಾದೆಯ ಒಂದು ಪದವೂ ಇಲ್ಲದ ಆ ಜಪಾನಿ ಗದರಿಕೆಗೆ ಸಂಜನಾಳ ಮುಖ ಅರಳಿತು. ತೋಳಿನಿಂದ ಮೂಗೊರೆಸಿಕೊಂಡು, ಅಷ್ಟೇ ಒರಟಾಗಿ ತಿರುಗಿ ಕೂಗುತ್ತ, ಹೆಲ್ಮೆಟ್ ಹುಡುಕಲು ಓಡಿದಳು. ಕೋಕಿಲಾ ಬೆಂಚಿನ ಹಿಂದೆ ಕೂತಲ್ಲೇ ಕೂತು ಅತ್ತುಬಿಟ್ಟಳು.