ಬೂದಿಬಾಗಿಲು

ಬಂಡೆಪ್ಪ ಎರಡನೇ ಬಕೆಟ್ ನೀರನ್ನೂ ಭಟ್ಟಿಯ ಬಾಯಿಗೆ ಸುರಿದ. ಉಗಿ ಬುಸ್ಸೆಂದು ಎದ್ದು ಅಡುಗೆಮನೆಯೆಲ್ಲ ಬೆಳ್ಳಗಾಯಿತು. ಅದರ ಹಿಂದೆಯೇ ಒಳಗೆಲ್ಲೋ ಚಟ್ಟೆಂದಿತು.

"ಏನ್ ಸಪ್ಪಳ ಅದು?"

"ಎಂಥದ್ದೂ ಇಲ್ಲ ಮಾರಾಯ, ಕೆಂಡ ಆರಿದ್ದು," ಎಂದ ದೋಸೆ ಹುಯ್ಯುವ ದೂಜ. "ಗೋಡೆಯಾಚೆ ಮೋನಪ್ಪಣ್ಣನ ಹೆಣ ಇಟ್ಕೊಂಡು ಈಚೆ ಬೆಂಕಿ ಉರಿಸ್ಲಿಕ್ಕುಂಟಾ? ಸಾವಾದಲ್ಲಿ ಒಲೆ ಆರಬೇಕು."

"ಹೌದ್ ಬಿಡ್ರಿ, ನಮ್ಮ ಕಡೇನೂ ಹಂಗ." ಕಲ್ಲಿದ್ದಲು ಹೊರುವ ಬಂಡೆಪ್ಪ ತೋಳಿನಿಂದ ಕಣ್ಣೊರೆಸಿಕೊಂಡ. "ನಮ್ಮಪ್ಪ ಸತ್ತಾಗನೂ ನಾನ ನೀರ್ ಹಾಕಿದ್ದೆ."

ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರದ ಆ ಲಾಡ್ಜಿಗೆ ಅದೊಂದೇ ಭಟ್ಟಿ. ಮುಂದುಗಡೆ ಇಡ್ಲಿ, ಸಾಂಬಾರು. ಹಿಂದುಗಡೆ, ಅದೇ ಬೆಂಕಿಯ ಮೇಲೆ ಇಟ್ಟಿಗೆಯಲ್ಲಿ ಕೂರಿಸಿದ ದೊಡ್ಡ ತಾಮ್ರದ ಹಂಡೆ. ಹಂಡೆಯಿಂದ ಪೈಪು ಹೊರಟು ಮೇಲಿನ ರೂಮುಗಳಿಗೆಲ್ಲ ಬಿಸಿನೀರು. ಭಟ್ಟಿ ನೋಡಿಕೊಳ್ಳುತ್ತಿದ್ದ ಮೋನಪ್ಪ ಅದರ ಬೆಂಕಿಗೆ ಒಂದು ಚೊಂಬು ನೀರನ್ನೂ ತಾಗಿಸಿದವನಲ್ಲ. ರಾತ್ರಿ ಕೆಂಡಕ್ಕೆ ಬೂದಿ ಹೊದಿಸಿ ಮಲಗುತ್ತಿದ್ದ. ಮಸಿ ತೆಗೆಯುವುದಿದ್ದರೆ ಅದು ತಾನಾಗಿ ತಣಿಯುವವರೆಗೆ ಬೀಡಿ ಸೇದುತ್ತ ಕಾಯುತ್ತಿದ್ದ.

ಗೋಡೆಯಾಚೆ, ಭಟ್ಟಿಯ ಕೆಲಸಕ್ಕೆಂದು ಸಿಕ್ಕಿದ್ದ ಒಂಟಿ ಕೋಣೆಯ ಖೋಲಿಯಲ್ಲಿ ಗಂಡನ ತಲೆಯ ಬಳಿ ಕೂತಿದ್ದ ಶೀಲಾವತಿಗೆ ಆ ಸದ್ದು ಬೆನ್ನ ಹಿಂದೆಯೇ ಕೇಳಿಸಿತು. ಎದ್ದುಬಿಟ್ಟಳು.

*

ಹಿಂದಿನ ವರ್ಷದ ಮಳೆಗಾಲದಲ್ಲಿ ಭಟ್ಟಿ ಹೊಗೆ ಉಗುಳತೊಡಗಿತ್ತು. ಆ ಹೊತ್ತಿಗೆ ಮೋನಪ್ಪನಿಗೆ ಬಗ್ಗಿದರೆ ಕೆಮ್ಮು, ಎದ್ದರೆ ಕೆಮ್ಮು.

"ನಿನ್ನ ಕೈ ಸಪೂರ ಉಂಟಲ್ಲ, ಬೂದಿಬಾಗಿಲಲ್ಲಿ ನೀನೇ ಹಾಕು," ಎಂದು ಹೆಂಡತಿಗೆ ಭಟ್ಟಿಯ ಬುಡದ, ಬೂದಿ ತೆಗೆಯುವ ಕಿರಿದಾದ ಕಿಂಡಿ ತೋರಿಸಿದ್ದ.

"ಒಳಗೆ ಎಂಥ ಉಂಟಂತ ನನಗೇನು ಗೊತ್ತು?"

"ನಮ್ಮ ಹುಡುಗಿ ಸೇವಂತಿಯ ತಲೆಯ ಸಿಕ್ಕು ಬಿಡಿಸ್ತೀಯಲ್ಲ, ಹಾಗೆಯೇ. ಎಳೀಬೇಡ. ಮೆಲ್ಲಗೆ."

ಭುಜದವರೆಗೆ ಕಪ್ಪಾಗಿ ಹೊರಬಂದ ಕೈ ನೋಡಿ ಮೋನಪ್ಪ ನಕ್ಕ, ನಗು ಕೆಮ್ಮಾಯಿತು. ಬಾಗಿಲಲ್ಲಿ ನಿಂತಿದ್ದ ಲಾಡ್ಜಿನ ಧಣಿಗಳು ನಗಲಿಲ್ಲ.

"ಈ ಭಟ್ಟಿ ಕೆಟ್ಟುಹೋದ ದಿನ ಗ್ಯಾಸ್ ತರಿಸ್ತೇನೆ ಮೋನಪ್ಪ. ಸಿಲಿಂಡರ್ ಇಡ್ಲಿಕ್ಕೆ ನಿನ್ನ ಖೋಲಿಯೇ ಬೇಕಾಗ್ತದೆ."

"ಕೆಡುವುದಿಲ್ಲ ಧಣಿ," ಎಂದ ಮೋನಪ್ಪ. ಅಂದಿನಿಂದ ಅವನು ಸ್ಟೂಲಿನ ಮೇಲೆ ಕೂತು ಬಾಯಲ್ಲಿ ಹೇಳಿದ, ಅವಳು ಕೈಯಲ್ಲಿ ಮಾಡಿದಳು.

ಇವತ್ತು ಬೆಳಿಗ್ಗೆ ಹೆಣದ ಮುಂದೆ ನಿಂತು ಅದೇ ಧಣಿಗಳು ಹೇಳಿದ್ದರು: "ಅಳಬೇಡಿ ಶೀಲಾವತಿ. ಬೊಜ್ಜದ ಕ್ರಿಯೆ ಎಲ್ಲ ಮುಗಿದ ಮೇಲೆ ಭಟ್ಟಿ ನೀವೇ ನೋಡಿಕೊಳ್ಳಿ. ಖೋಲಿ ನಿಮ್ಮದೇ." ಹೇಳಿ, ಕಟ್ಟಿಗೆಯ ಏರ್ಪಾಡಿಗೆಂದು ಸ್ಮಶಾನಕ್ಕೆ ಹೊರಟುಹೋಗಿದ್ದರು.

*

"ಯಾರು ನೀರು ಹಾಕಿದ್ದು?"

ಬಂಡೆಪ್ಪ ಖಾಲಿ ಬಕೆಟನ್ನು ಬೆನ್ನ ಹಿಂದೆ ಸರಿಸಿದ. ಶೀಲಾವತಿ ನೆಲಕ್ಕೆ ಕೂತು ಬೂದಿಬಾಗಿಲಲ್ಲಿ ಬ್ಯಾಟರಿ ಹಿಡಿದು ನೋಡಿದಳು. ಹಂಡೆ ಹೊತ್ತಿದ್ದ ಇಟ್ಟಿಗೆ ಉದ್ದಕ್ಕೆ ಸೀಳಿತ್ತು. ಸೀಳಿದ ತುಂಡು ಕೆಳಗೆ ಜಗ್ಗುತ್ತಿತ್ತು.

"ಮಣ್ಣು ಕಲಸು ದೂಜ. ಬಿಸಿ ಇರುವಾಗಲೇ ಮೆತ್ತಬೇಕು, ತಣಿದರೆ ಹಿಡಿಯೋದಿಲ್ಲ. ಹಂಡೆ ಕೂತುಬಿಡ್ತದೆ."

ದೂಜ ಮಣ್ಣು ಹಿಡಿದು ಕೈ ತೂರಿಸಿದ. ಮೊಣಕೈ ದಾಟಲಿಲ್ಲ.

"ಆಚೆ ಸರಿ ನೀನು."

"ಸೂತಕದಲ್ಲಿ ಅಡುಗೆಮನೆಗೆ ಬರ್ಲಿಕ್ಕುಂಟಾ ಶೀಲಾ?" ಪಕ್ಕದ ಚಾಳಿನ ವಿನೋದಿನಿಯಕ್ಕ ಹಿಂದೆಯೇ ಓಡಿ ಬಂದಳು. "ಅಲ್ಲಿ ನಿನ್ನ ಬಳೆ ತೆಗೀಬೇಕು, ಬಾ."

ಶೀಲಾವತಿ ಬಲಗೈ ಒಳಗೆ ತೂರಿಸಿದಳು. ಕಬ್ಬಿಣದ ಚೌಕಟ್ಟಿಗೆ ತಾಗಿ ಗಾಜಿನ ಬಳೆಗಳು ಒಂದೊಂದಾಗಿ ಒಡೆದವು. ವಿನೋದಿನಿಯಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು.

ಇಟ್ಟಿಗೆ ಸುಡುತ್ತಿತ್ತು. ಸೀಳಿಗೆ ಮಣ್ಣು ತುಂಬಿ, ಜಗ್ಗಿದ ತುಂಡನ್ನು ಅಂಗೈಯಿಂದ ಮೇಲಕ್ಕೆ ಒತ್ತಿ ಹಿಡಿದಳು. ಕೆನ್ನೆ ಭಟ್ಟಿಯ ಗೋಡೆಗೆ ಅಂಟಿತ್ತು.

"ಅಮ್ಮಾ, ಚಲೋ ನಾ." ಮಗಳು ಸೇವಂತಿ ತುಳಸಿನೀರಿನ ಲೋಟ ಹಿಡಿದು ಬಂದಿದ್ದಳು. "ಕೊನೇ ನೀರು ನೀನೇ ಬಿಡಬೇಕಂತೆ. ಅಪ್ಪನ್ನ ಎತ್ತುತಾ ಇದ್ದಾರೆ. ಛೋಡ್ ದೋ ನಾ, ಅಮ್ಮಾ!"

"ಮಣ್ಣು ಬಿಗಿಯುವ ಮೊದಲು ಬಿಟ್ರೆ ಬೀಳ್ತದೆ."

"ಬೀಳ್ಲಿ ಬಿಡು ಮಾರಾಯ್ತಿ," ಎಂದಳು ವಿನೋದಿನಿಯಕ್ಕ. "ಹೋದ ಗಂಡ ತಿರುಗಿ ಬರ್ತಾನಾ?"

"ಬಿದ್ರೆ ಖೋಲಿ ಹೋಯ್ತಕ್ಕ. ಬೆಳೆದ ಹುಡುಗಿಯನ್ನು ಎಲ್ಲಿ ಮಲಗಿಸ್ಲಿ? ಪ್ಲಾಟ್‌ಫಾರ್ಮಲ್ಲಾ?"

ಬಂಡೆಪ್ಪ ಗೋಡೆಗೆ ಹಣೆ ಬಡಿದುಕೊಂಡ. "ನಾನ ರೀ ಅಕ್ಕಾರ, ನಾನ ನೀರ್ ಹಾಕಿದಾಂವ. ನನಗ ಬೈರಿ."

"ಬೈಲಿಕ್ಕೆ ಪುರುಸೊತ್ತಿಲ್ಲ ಬಂಡೆಪ್ಪ. ಮಣ್ಣು ಕೊಡು."

ಮಣ್ಣು ಕೊಟ್ಟು ಅವನು ಖೋಲಿಯ ಬಾಗಿಲಿಗೆ ಓಡಿದ. "ಇಲ್ಲೇ ತರ್ರಿ! ಅಕ್ಕಾರಿಗೆ ಬರಾಕ ಆಗೂದಿಲ್ಲ, ಮೋನಪ್ಪಣ್ಣನ್ನ ಇಲ್ಲೇ ತರ್ರಿ!"

ಹೇಗೂ ಹೊರಗೆ ಹೋಗುವ ದಾರಿ ಅಡುಗೆಮನೆಯ ಮೂಲಕವೇ ಇತ್ತು. ಚಟ್ಟವನ್ನು ತಂದು ಭಟ್ಟಿಯ ಮುಂದೆ, ಒದ್ದೆ ಬೂದಿಯ ಮೇಲೆ ಇಳಿಸಿದರು. ಸೇವಂತಿ ಲೋಟ ಚಾಚಿದಳು. ಶೀಲಾವತಿಯ ಎಡಗೈ ಮುಂದೆ ಬಂತು.

"ಎಡಗೈಯಲ್ಲಾ?" ಎಂದಿತು ಯಾರದೋ ದನಿ. ಸೇವಂತಿ ಲೋಟವನ್ನು ಆ ಕೈಗೇ ಇಟ್ಟಳು.

ಬೂದಿಬಾಗಿಲೊಳಗೆ ಅಂಗೈಯ ಮೇಲೆ ಇಟ್ಟಿಗೆ ಮತ್ತೊಂದು ಎಳೆಯಷ್ಟು ಜಾರಿತು. ಹಲ್ಲು ಕಚ್ಚಿ ಒತ್ತಿದಳು. ಲೋಟ ಓರೆಯಾಯಿತು. ನೀರು ಮೋನಪ್ಪನ ಬಾಯಿ ತಪ್ಪಿ ಕೆನ್ನೆಯ ಮೇಲಿಂದ ಕಿವಿಯತ್ತ ಇಳಿಯಿತು. ಒರೆಸಲು ಅವಳಿಗೆ ಇನ್ನೊಂದು ಕೈ ಇರಲಿಲ್ಲ.