ಮಹಾಪ್ರಾಣದ ಪಾಠ

ಮೇಷ್ಟ್ರು ಗೇಟಿಗೆ ಅಂಟಿಸಿದ್ದ ಕಾಗದವನ್ನು ಉಗುರಿನಿಂದ ಕೆರೆದು ಕೀಳುತ್ತಿದ್ದರು. ಒಳಗೆ ಹಜಾರದಲ್ಲಿ ಹೆಂಡತಿಯ ಹೆಣ ಮಲಗಿತ್ತು. ವ್ಯಾನು ಬರಲು ಇನ್ನೂ ಒಂದು ಗಂಟೆಯಿತ್ತು. ಸಾವಿಗೆ ಬಂದವರು ಮೇಷ್ಟ್ರನ್ನು ದಾಟಿ ಒಳಗೆ ಹೋಗುವುದು ಹೇಗೆಂದು ತಿಳಿಯದೆ ಅವರ ಬೆನ್ನ ಹಿಂದೆ ಗುಂಪಾಗಿ ನಿಂತಿದ್ದರು.

"ಅಪ್ಪ, ಏನ್ಮಾಡ್ತಿದ್ದೀರಿ? ಜನ ನೋಡ್ತಿದ್ದಾರೆ," ಎನ್ನುತ್ತ ಮಗಳು ಒಳಗಿನಿಂದ ಓಡಿಬಂದಳು.

"ಜನ ನೋಡ್ತಾರೆ ಅಂತಲೇ ಕೀಳ್ತಿರೋದು. ಪ್ರೆಸ್ಸಿನವನಿಗೆ ಶ್ರದ್ಧಾಂಜಲಿ ಅಂತ ಬರೆಯೋಕೆ ಬರಲ್ಲ. ಧಕಾರಕ್ಕೆ ಹೊಟ್ಟೆ ಸೀಳಿಲ್ಲ ನೋಡು. ಮೇಷ್ಟ್ರ ಮನೆ ಗೇಟಿಗೆ ಇದನ್ನ ಅಂಟಿಸ್ಕೊಂಡು ಕೂತ್ಕೊಳ್ಳೋದಾ? ಕೆಂಪು ಪೆನ್ನು ತಗೊಂಡು ಬಾ."

ಅವಳು ತಂದುಕೊಟ್ಟಳು. ಮೇಷ್ಟ್ರು ಕಾಗದವನ್ನು ಕಂಬಕ್ಕೆ ಒತ್ತಿ ಹಿಡಿದು, ಒತ್ತಕ್ಷರದ ಅಡಿಗೆ ಸಣ್ಣದೊಂದು ಗೀರೆಳೆದು, ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. ಅಲ್ಪಪ್ರಾಣ ಮಹಾಪ್ರಾಣವಾಯಿತು. ಒಳಗೆ ಮಲಗಿದ್ದವಳಿಗೆ ಅದರಿಂದ ಏನೂ ಆಗಲಿಲ್ಲ.

"ಮೇಷ್ಟ್ರು ಅಂದ್ರೆ ಮೇಷ್ಟ್ರೇ," ಎಂದ ಗುಂಪಿನಲ್ಲಿದ್ದ ಸಿಮೆಂಟ್ ಅಂಗಡಿಯವನು. ಅವನು ಅವರ ಹಳೆಯ ವಿದ್ಯಾರ್ಥಿ. "ಕೂತಲ್ಲಿಂದಲೇ ಡಸ್ಟರ್ ಎಸೀತಿದ್ರು. ಒಂದು ದಿನವೂ ಗುರಿ ತಪ್ಪಿದ್ದಿಲ್ಲ. ಆ ಏಟು ತಿಂದಿದ್ದಕ್ಕೇ ಇವತ್ತು ಮನುಷ್ಯ ಅನ್ನಿಸ್ಕೊಂಡಿದ್ದೀನಿ."

"ಆಯಮ್ಮನೂ ಹಾಗೇ ಬಿಡಿ," ಎಂದಳು ಎದುರುಮನೆಯಾಕೆ. "ಗಂಡನಿಗೆ ಎದುರಾಡಿದ್ದನ್ನ ನಾನಂತೂ ಕೇಳಿಲ್ಲ. ಇದ್ದಾಳೋ ಇಲ್ವೋ ಅನ್ನೋ ಹಾಗಿದ್ದಳು, ಹಾಗೇ ಹೋದಳು. ನಿದ್ದೆಯಲ್ಲಿ ಹೋಗೋಕೂ ಅದೃಷ್ಟ ಬೇಕು."

ನಲವತ್ತು ದಾಟಿದ್ದರೂ ಆ ಮನೆಯಲ್ಲಿ ಮಗಳು ಪುಟ್ಟಿಯೇ. ಪುಟ್ಟಿಗೆ ಅಳಲು ಪುರುಸೊತ್ತಿರಲಿಲ್ಲ. ಮಣ್ಣಿನ ಕೆಲಸ ಮುಗಿಸಿ ಸಂಜೆಯೇ ಅಪ್ಪನನ್ನು ತನ್ನ ಮನೆಗೆ ಕರೆದುಕೊಂಡು ಹೋಗಬೇಕಿತ್ತು. ಎಪ್ಪತ್ತಾರು ವರ್ಷದ ಮನುಷ್ಯ, ತನ್ನ ಲೋಟ ತಾನು ತೊಳೆದು ಗೊತ್ತಿಲ್ಲದವರು, ಒಬ್ಬರೇ ಹೇಗಿರುತ್ತಾರೆ? ಇರುವುದು ಒಬ್ಬಳೇ ಮಗಳು. ಅದನ್ನು ಯಾರೂ ಕೇಳಲೂ ಇಲ್ಲ, ಅವಳು ಹೇಳಲೂ ಇಲ್ಲ. ತನ್ನಷ್ಟಕ್ಕೆ ತೀರ್ಮಾನವಾಗಿತ್ತು. ಬಟ್ಟೆಯ ಪೆಟ್ಟಿಗೆ, ನಿಘಂಟುಗಳ ಪೆಟ್ಟಿಗೆ ಎರಡೂ ಬಾಗಿಲ ಬಳಿ ಸಿದ್ಧವಾಗಿದ್ದವು. ತನ್ನ ಮಗಳು ಗಿಣಿಯ ಕೋಣೆಯಲ್ಲೇ ಅವರಿಗೊಂದು ಮಂಚ ಹಾಕಿಸಿಯಾಗಿತ್ತು.

ಗಿಣಿಗೆ ಎಂಟು ವರ್ಷ. ಆ ಅಡ್ಡಹೆಸರು ಇಟ್ಟದ್ದು ತಾತನೇ. ಎರಡು ವರ್ಷದಿಂದ ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಅಮ್ಮ ಕಚೇರಿಯಿಂದ ಬರುವವರೆಗೆ ಅವಳು ಇದೇ ಮನೆಯಲ್ಲಿ ತಾತನೆದುರು ಕೂತು ಗಟ್ಟಿಯಾಗಿ ಓದುತ್ತಿದ್ದಳು. ಕ್ಲಾಸಿನಲ್ಲಿ ಅವಳಷ್ಟು ಸ್ವಚ್ಛವಾಗಿ ಓದುವವರು ಇನ್ನೊಬ್ಬರಿಲ್ಲ ಎಂದು ಟೀಚರು ಹೇಳಿದ್ದನ್ನು ಪುಟ್ಟಿ ಹತ್ತು ಜನರಿಗೆ ಹೇಳಿಕೊಂಡು ತಿರುಗಿದ್ದಳು.

"ಇಲ್ಲಿ ದಿನಕ್ಕೆ ಎರಡೇ ಗಂಟೆ ಸಿಗ್ತಿತ್ತು," ಎಂದಿದ್ದರು ಮೇಷ್ಟ್ರು, ಬೆಳಿಗ್ಗೆ ನಿಘಂಟುಗಳನ್ನು ಜೋಡಿಸುತ್ತ. "ಇನ್ನು ನೋಡು, ಇಡೀ ದಿನ ಇದೆ."

*

ಆರು ತಿಂಗಳ ಹಿಂದೆ ಒಂದು ಮಧ್ಯಾಹ್ನ ಅಮ್ಮ ಕಚೇರಿಗೆ ಫೋನ್ ಮಾಡಿದ್ದಳು. ಪುಟ್ಟಿ ನೀರು ಸರಬರಾಜು ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಗುಮಾಸ್ತೆ. ನಲ್ಲಿಯಲ್ಲಿ ನೀರು ಬಾರದ ಬೀದಿಯೊಂದರ ಜನರೆಲ್ಲ ಅವಳ ಕಿಟಕಿಯ ಮುಂದಿದ್ದರು.

"ಗಿಣೀನ ನಾಳೆಯಿಂದ ಇಲ್ಲಿಗೆ ಕಳಿಸಬೇಡ ಕಣೆ."

"ಯಾಕಮ್ಮ?"

"ನನ್ನ ಕೈಲಾಗಲ್ಲ."

"ನಿನ್ನ ಕೈಲಿ ಆಗಬೇಕಾದ್ದು ಏನಿದೆ? ಒಂದು ಲೋಟ ಹಾಲು ಕೊಡೋದು ತಾನೆ? ಓದಿಸೋದು ಅಪ್ಪ."

"ಹೌದು, ಅಪ್ಪನೇ ಓದಿಸೋದು," ಎಂದಳು ಅಮ್ಮ. "ನನಗೆ ವಯಸ್ಸಾಯ್ತು ಪುಟ್ಟಿ. ಮಧ್ಯೆ ಹೋಗಿ ನಿಲ್ಲೋಕೆ ಆಗ್ತಿಲ್ಲ."

ಆ ಕೊನೆಯ ಮಾತು ಪುಟ್ಟಿಯ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಮಧ್ಯಾಹ್ನದ ನಿದ್ದೆಗೆ ಕಲ್ಲು ಬೀಳುತ್ತದೆಂದು ಅಮ್ಮ ನೆಪ ಹೇಳುತ್ತಿದ್ದಾಳೆ ಎಂದುಕೊಂಡಳು. ಇದ್ದೊಬ್ಬ ಮೊಮ್ಮಗಳನ್ನು ಎರಡು ಗಂಟೆ ಇಟ್ಟುಕೊಳ್ಳಲಾರಳೇ ಎಂದು ಮನಸ್ಸಿಗೆ ಚುರುಕ್ಕೆಂದಿತು. ಮರುದಿನವೂ ಮಗುವನ್ನು ಕಳಿಸಿದಳು. ಅಮ್ಮನ ಜೊತೆ ಎರಡು ತಿಂಗಳು ಹೂಂ, ಉಹೂಂ ಬಿಟ್ಟು ಬೇರೆ ಮಾತಾಡಲಿಲ್ಲ. ಅಮ್ಮ ಮತ್ತೆ ಆ ವಿಷಯ ಎತ್ತಲಿಲ್ಲ.

*

ವ್ಯಾನಿನ ಜೊತೆಗೇ ಒಂದು ಆಟೊ ಬಂದು ನಿಂತಿತು. ಬಿಳಿ ಕೋಲು ಹಿಡಿದ ಒಬ್ಬ ಗಂಡಸು, ಒಬ್ಬ ಹೆಂಗಸು ಇಳಿದರು. ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಪುಟ್ಟಿ ಹೋಗಿ ಕೈ ಹಿಡಿದಳು.

"ನಿಧಾನ. ಇಲ್ಲಿ ಎರಡು ಮೆಟ್ಟಿಲಿದೆ."

ಗಂಡಸು ಮೊದಲ ಮೆಟ್ಟಿಲಲ್ಲೇ ನಿಂತುಬಿಟ್ಟ. "ನೀವು ಪುಟ್ಟಿ ಅಲ್ವಾ?"

"ನಿಮಗೆ ಹೇಗೆ ಗೊತ್ತು?"

"ಗಂಟಲು ಅಕ್ಕನದೇ. ಪುಟ್ಟಿ ಅನ್ನೋ ಹೆಸರು ಕ್ಯಾಸೆಟ್ಟಲ್ಲಿ ಕೇಳಿದ್ವಿ."

ಆಗ ಪುಟ್ಟಿಗೆ ಹೊಳೆಯಿತು. ಮೂವತ್ತೈದು ವರ್ಷದ ಹಿಂದೆ ಅಂಧರ ಶಾಲೆಯವರು ಪಠ್ಯಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡಿಕೊಡಿ ಎಂದು ಮೇಷ್ಟ್ರನ್ನು ಕೇಳಿದ್ದರು. ಕ್ಲಾಸಿನಲ್ಲಿ ದಿನವಿಡೀ ಕೂಗಿ ಮೇಷ್ಟ್ರ ಗಂಟಲು ಒಡೆದಿರುತ್ತಿತ್ತು. ಅವರು ಹೆಂಡತಿಯನ್ನು ಕೂರಿಸಿ ಓದಿಸಿದರು. ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ನಾಲ್ಕು ವರ್ಷದಲ್ಲಿ ಇನ್ನೂರ ಹನ್ನೆರಡು ಕ್ಯಾಸೆಟ್ಟು ತುಂಬಿಸಿದ್ದಳು. ಆ ಶಾಲೆಯ ಮಕ್ಕಳಿಗೆ ಅವಳು ಓದೋ ಅಕ್ಕ.

ಹೆಂಗಸು ಹೆಣದ ಪಕ್ಕ ಕೂತು, "ಮುಟ್ಟಲಾ?" ಎಂದು ಕೇಳಿ, ಬೆರಳ ತುದಿಯಿಂದ ಅಮ್ಮನ ಹಣೆ, ಮೂಗು, ಗಲ್ಲ ಸವರಿದಳು. "ಇಷ್ಟು ಚಿಕ್ಕ ಮುಖವಾ?" ಎಂದಳು. "ನಾವು ದೊಡ್ಡ ಮುಖ ಅಂದ್ಕೊಂಡಿದ್ವಿ."

ಮೇಷ್ಟ್ರು ಅವರ ತಲೆ ನೇವರಿಸಿ, "ನನ್ನ ಶಿಷ್ಯರ ಹಾಗೇ ಇವರೂ," ಎಂದು ಸುತ್ತಲಿದ್ದವರಿಗೆ ಪರಿಚಯ ಮಾಡಿಸಿದರು. ಗಂಡಸು ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ಅವರ ಕೈಗಿತ್ತ. ಶಾಲೆಯ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಟೈಪ್ ಮಾಡಿಸಿದ ಸಂತಾಪ ಪತ್ರ.

ವ್ಯಾನಿನಲ್ಲಿ ಮೇಷ್ಟ್ರು ಡ್ರೈವರ್ ಪಕ್ಕ ಕೂತರು. ಹಿಂದೆ ಶವಪೆಟ್ಟಿಗೆಯ ಒಂದು ಬದಿಗೆ ಪುಟ್ಟಿ, ಇನ್ನೊಂದು ಬದಿಗೆ ಅವರಿಬ್ಬರು. ಗಿಣಿ ತನ್ನ ಅಪ್ಪನ ಜೊತೆ ಕಾರಿನಲ್ಲಿ ಬರುತ್ತಿದ್ದಳು.

"ನಿಮ್ಮ ಮನೆ ನಮಗೆ ಬಾಯಿಪಾಠ," ಎಂದ ಗಂಡಸು. ಅವನೂ ಈಗ ಅದೇ ಅಂಧರ ಶಾಲೆಯಲ್ಲಿ ಮೇಷ್ಟ್ರು. "ಚರಿತ್ರೆ ಏಳನೇ ಪಾಠದಲ್ಲಿ ಕುಕ್ಕರ್ ಮೂರು ಸಲ ಕೂಗುತ್ತೆ. ಎಂಟನೇದರಲ್ಲಿ ನಿಮಗೆ ಕೆಮ್ಮು. ಪರೀಕ್ಷೆಯಲ್ಲಿ ಆ ಪಾಠದ ಪ್ರಶ್ನೆ ಬಂದರೆ ಮೊದಲು ಕೆಮ್ಮು ನೆನಪಾಗೋದು, ಆಮೇಲೆ ಇಸವಿ."

ಪುಟ್ಟಿ ಆ ದಿನ ಮೊದಲ ಸಲ ನಕ್ಕಳು.

"ವಿಜ್ಞಾನದ ನಾಲ್ಕನೇ ಕ್ಯಾಸೆಟ್ ಒಂದಿತ್ತು," ಎಂದ ಅವನು. "ಎರಡನೇ ಬದಿ. 'ಬೂಮಿಯು ಸೂರ್ಯನ ಸುತ್ತ' ಅಂತ ಓದ್ತಾರೆ ಅಕ್ಕ. ಭಕಾರವನ್ನ ಬಕಾರ ಮಾಡಿ. ಆಗ ಒಂದು ಸದ್ದು. ಆಮೇಲೆ ನೀವು ಕೇಳ್ತೀರಿ, 'ಅಮ್ಮ, ತಪ್ಪು ಓದಿದ್ಯಾ?' ಅಂತ."

ಪುಟ್ಟಿ ಪೆಟ್ಟಿಗೆಯ ಮೇಲೆ ಜಾರಿದ್ದ ಹೂಮಾಲೆಯನ್ನು ಸರಿಮಾಡಿದಳು.

"'ಹೂಂ ಪುಟ್ಟಿ, ತಪ್ಪು ಓದಿದೆ' ಅಂತಾರೆ ಅಕ್ಕ. ಆಮೇಲೆ 'ಭೂಮಿಯು ಸೂರ್ಯನ ಸುತ್ತ' ಅಂತ ಮೊದಲಿಂದ. ನಮ್ಮ ಶಾಲೆಯಲ್ಲೂ ತಪ್ಪು ಓದಿದ್ರೆ ಏಟೇ. ಅಕ್ಕನಿಗೂ ಒಬ್ಬರು ಮೇಷ್ಟ್ರಿದ್ದಾರೆ ಅಂತ ನಮಗೆ ಒಳಗೊಳಗೇ ಖುಷಿ. ಅದನ್ನ ತಿರುಗಿಸಿ ತಿರುಗಿಸಿ ಹಾಕ್ಕೊಂಡು ನಗ್ತಿದ್ವಿ."

"ನನಗೆ ಮದುವೆಯಾದ ಮೇಲೆ ಅರ್ಥ ಆಯ್ತು, ಅದು ಏನು ಸದ್ದು ಅಂತ," ಎಂದಳು ಹೆಂಗಸು. ಅವಳ ಕೈ ಪೆಟ್ಟಿಗೆಯ ಮೇಲಿತ್ತು. "ಆ ಸದ್ದು ಒಂದೇ ಕಡೆ ಇರೋದು. ಬೇರೆ ಕಡೆ ಬರೀ ಟಕ್ ಅಂತ ಮಿಷನ್ ನಿಲ್ಲಿಸಿದ್ದು ಕೇಳುತ್ತೆ. ಮತ್ತೆ ಶುರುವಾದಾಗ ಅಕ್ಕನ ಗಂಟಲು ಸ್ವಲ್ಪ ಬೇರೆ ಇರುತ್ತೆ. ಒಂದೊಂದು ಪಾಠದಲ್ಲಿ ಎಂಟು ಸಲ, ಹತ್ತು ಸಲ."

"ಕ್ಷಮೆ ಕೇಳಬೇಕು ಅಂತ ಎಷ್ಟೋ ಸಲ ಹೊರಟ್ವಿ," ಎಂದ ಗಂಡಸು. "ಏನಂತ ಕೇಳೋದು ಅಂತ ಹೊಳೀಲಿಲ್ಲ. ನಿಮಗೆ ಇದೆಲ್ಲ ನೆನಪಿದೆಯಾ?"

"ಇಲ್ಲ," ಎಂದಳು ಪುಟ್ಟಿ. ಅದು ಸುಳ್ಳು.

*

ಬೀದಿಯ ಸದ್ದು ಒಳಗೆ ಬಾರದಿರಲೆಂದು ಮೇಷ್ಟ್ರು ಕಿಟಕಿಗೆ ಕಂಬಳಿ ಹೊಡೆದಿದ್ದರು. ಅಮ್ಮ ಒಂದು ಕೈಯಲ್ಲಿ ಪುಸ್ತಕ, ಒಂದು ಕೈಯಲ್ಲಿ ಮೈಕು ಹಿಡಿದು ನೆಲದ ಮೇಲೆ ಕೂರುತ್ತಿದ್ದಳು. ಅವಳ ಎಡಗಡೆ ಮೇಷ್ಟ್ರು. ಅವರಿಗೆ ಸಿಟ್ಟು ಬರುತ್ತಿತ್ತು ಎನ್ನುವಂತಿರಲಿಲ್ಲ. ಕಾಪಿ ಪುಸ್ತಕದಲ್ಲಿ ತಪ್ಪಿನ ಕೆಳಗೆ ಗೆರೆ ಎಳೆಯುವಷ್ಟೇ ಸಮಾಧಾನದಿಂದ ಹೊಡೆಯುತ್ತಿದ್ದರು. ಮೊದಲು ಯಂತ್ರ ನಿಲ್ಲಿಸಿ, ಆಮೇಲೆ ತಿದ್ದಿ, ಆಮೇಲೆ ಯಂತ್ರ ಹಾಕುವುದು. ಭೂಮಿಯ ಪಾಠದ ದಿನ ಗುಂಡಿ ಸರಿಯಾಗಿ ಒತ್ತಿರಲಿಲ್ಲ, ಅಷ್ಟೇ.

ಆರು ವರ್ಷದ ಪುಟ್ಟಿ ಮೂಲೆಯಲ್ಲಿ ಕೂತು ನೋಡುತ್ತಿದ್ದಳು. ಅವಳಿಗೆ ಹೆದರಿಕೆಯಾಗುತ್ತಿರಲಿಲ್ಲ. ತಪ್ಪು ಓದಿದವರಿಗೆ ಏಟು ಬೀಳುತ್ತದೆ, ಸರಿಯಾಗಿ ಓದಿದರೆ ಬೀಳುವುದಿಲ್ಲ. ಅಮ್ಮ ಯಾಕೆ ಸರಿಯಾಗಿ ಓದಬಾರದು ಎಂದು ಅವಳಿಗೆ ಅಮ್ಮನ ಮೇಲೆಯೇ ಬೇಜಾರು.

*

ಸ್ಮಶಾನದಲ್ಲಿ, ಹೆಂಡತಿಗೆ ತೋಡಿದ್ದ ಗುಂಡಿಯ ಪಕ್ಕ ನಿಂತು ಮೇಷ್ಟ್ರು ಎರಡು ಮಾತಾಡಿದರು.

"ನಾಲ್ಕನೇ ಕ್ಲಾಸು ಓದಿದ ಹುಡುಗಿಯಾಗಿ ನನ್ನ ಕೈಗೆ ಬಂದಳು. ಹಕಾರಕ್ಕೆ ಅಕಾರ ಅನ್ನುತ್ತಿದ್ದಳು. ಅವಳನ್ನು ಅಕ್ಷರ ಅಕ್ಷರವಾಗಿ ತಿದ್ದಿದೆ. ಅವಳು ಓದಿದ್ದನ್ನು ಕೇಳಿ ಕಣ್ಣಿಲ್ಲದ ಮಕ್ಕಳು ವಿದ್ಯಾವಂತರಾದರು. ಒಬ್ಬ ಶಿಕ್ಷಕನಿಗೆ ಇದಕ್ಕಿಂತ ಇನ್ನೇನು ಬೇಕು?"

ಸಿಮೆಂಟ್ ಅಂಗಡಿಯವನು ಕಣ್ಣೊರೆಸಿಕೊಂಡ. ಅಂಧ ಮೇಷ್ಟ್ರು ಮುಖ ತಗ್ಗಿಸಿ ನಿಂತಿದ್ದ. ಅವನ ಭಾಷೆಯೂ ಅಪ್ಪಟ ಸ್ವಚ್ಛ, ಒಂದು ಅಕ್ಷರ ಆಚೀಚೆ ಇಲ್ಲ. ಅದು ಬಂದದ್ದು ಎಲ್ಲಿಂದ ಎಂಬುದು ಪುಟ್ಟಿಗೆ ಈಗ ಗೊತ್ತಿತ್ತು.

ಮೇಷ್ಟ್ರು ಒಂದು ಹಿಡಿ ಮಣ್ಣು ಹಾಕಿದರು. ತಾಯಿಗೆ ಮಣ್ಣು ಬೀಳುವಾಗ ಮಗಳಾದವಳು ತಾಯಿಯನ್ನು ನೋಡಬೇಕು. ಪುಟ್ಟಿ ಅಪ್ಪನ ಕೈ ನೋಡುತ್ತಿದ್ದಳು. ಚರ್ಮ ಸುಕ್ಕಾಗಿತ್ತು, ಬೆರಳು ಸೊಟ್ಟಗಾಗಿದ್ದವು. ಈ ಕೈ ಇನ್ನು ಯಾರಿಗೆ ಏನು ಮಾಡೀತು ಎಂದು ತನಗೆ ತಾನೇ ಹೇಳಿಕೊಂಡಳು. ಆ ಕಾಲವೇ ಹಾಗಿತ್ತು, ಎಲ್ಲ ಮನೆಯಲ್ಲೂ ಇತ್ತು, ಸತ್ತವಳೇ ಬಾಯಿ ಬಿಡಲಿಲ್ಲ, ನಾನು ಯಾರು? ಹೀಗೆ ಒಂದೊಂದೇ ಸಮಾಧಾನ ಹುಡುಕಿಕೊಳ್ಳುತ್ತ, ಅಪ್ಪನ ತೋಳು ಹಿಡಿದು ಕಾರಿನವರೆಗೆ ನಡೆಸಿಕೊಂಡು ಬಂದಳು.

*

ಮನೆಯಲ್ಲಿ ಜನ ಕರಗಿದ್ದರು. ಎದುರುಮನೆಯಾಕೆ ಹಜಾರ ತೊಳೆದು ಹೋಗಿದ್ದಳು, ನೆಲ ಇನ್ನೂ ಒದ್ದೆಯಿತ್ತು. ಪುಟ್ಟಿಯ ಗಂಡ ನಿಘಂಟುಗಳ ಪೆಟ್ಟಿಗೆಯನ್ನು ಕಾರಿಗೆ ಹಾಕಿ, ಬಟ್ಟೆಯ ಪೆಟ್ಟಿಗೆಗೆ ಕೈ ಹಾಕಿದ್ದ. ಪುಟ್ಟಿ ಅಡುಗೆಮನೆಯಲ್ಲಿ ಅಮ್ಮನ ಡಬ್ಬಗಳ ಮುಚ್ಚಳ ಭದ್ರ ಮಾಡುತ್ತಿದ್ದಳು. ಇನ್ನು ಆ ಡಬ್ಬಗಳನ್ನು ತೆಗೆಯುವವರು ಯಾರೂ ಇಲ್ಲ ಎಂಬುದು ಆಗಲೇ ನೆನಪಾಗಿ, ಕೈ ಅಲ್ಲೇ ನಿಂತು, ಅಳು ಬಂತು.

ಹಜಾರದಲ್ಲಿ ಮೇಷ್ಟ್ರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ್ದರು.

"ಗಿಣಿ, ಆ ಕಾಗದ ಓದು. ಏನು ಬರೆದಿದ್ದಾರೆ ನೋಡೋಣ."

ಗಿಣಿ ಸಂತಾಪ ಪತ್ರ ಬಿಡಿಸಿಕೊಂಡು ಅವರೆದುರು ನೆಟ್ಟಗೆ ನಿಂತಳು. ಬೆಳಿಗ್ಗೆಯಿಂದ ಅತ್ತು ಮೂಗು ಕಟ್ಟಿತ್ತು. ಆದರೂ ಸ್ಪಷ್ಟವಾಗಿ, ಒಂದೇ ಲಯದಲ್ಲಿ ಓದುತ್ತ ಹೋದಳು. ಪುಟ್ಟಿ ಕಣ್ಣೊರೆಸಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದಳು.

"'ಕಣ್ಣಿಲ್ಲದ ನಮಗೆ ಪುಸ್ತಕವೆಂದರೆ ಆ ತಾಯಿಯ ದ್ವನಿ.'"

ಗಿಣಿ ನಿಂತಳು. ಮೇಷ್ಟ್ರು ಕಣ್ಣು ತೆರೆದಿರಲಿಲ್ಲ, ಕುರ್ಚಿಯಲ್ಲಿ ಅಲ್ಲಾಡಿರಲೂ ಇಲ್ಲ. ಕಾಗದ ಬಲಗೈಯಲ್ಲೇ ಉಳಿದು, ಮಗುವಿನ ಎಡಗೈ ಮಾತ್ರ ತಾನಾಗಿ ಮೇಲೆದ್ದು, ಅಂಗೈ ಹೊರಗೆ ಮಾಡಿ, ಕೆನ್ನೆಯನ್ನು ಮುಚ್ಚಿಕೊಂಡಿತು.

"ಧ್ವನಿ," ಎಂದಳು ಗಿಣಿ. "ಧ್ವನಿ. ಧ್ವನಿ."

ಪುಟ್ಟಿ ಅದನ್ನು ನೋಡಿದಳು. ಫೋನಿನಲ್ಲಿ ಅಮ್ಮ ಹೇಳಿದ್ದ ಆ ಕೊನೆಯ ಮಾತೂ ಸೇರಿ ಎಲ್ಲವೂ ಒಟ್ಟಿಗೇ ತಿಳಿಯಿತು.

"ಆ ಪೆಟ್ಟಿಗೆ ಕೆಳಗಿಡಿ," ಎಂದಳು ಗಂಡನಿಗೆ. "ಕಾರಲ್ಲಿರೋದನ್ನೂ ಇಳಿಸಿ."

"ಯಾಕೆ?"

"ಅಪ್ಪ ಬರ್ತಿಲ್ಲ."

ಮೇಷ್ಟ್ರು ಕಣ್ಣು ತೆರೆದರು. "ಏನಂದೆ?"

ಅವಳು ಅವರ ಕಡೆ ತಿರುಗಲಿಲ್ಲ. ಮಗುವಿನ ಕೈಯಿಂದ ಕಾಗದ ತೆಗೆದುಕೊಳ್ಳಲು ಒದ್ದೆ ನೆಲದ ಮೇಲೆ ದಡಬಡ ಹೆಜ್ಜೆ ಹಾಕಿ ಬಂದಳು. ಗಿಣಿ ಕಾಗದ ಬಿಡಲಿಲ್ಲ. ಅಮ್ಮ ಹತ್ತಿರವಾದಂತೆ ಕೈಯನ್ನು ಕೆನ್ನೆಗೆ ಇನ್ನೂ ಬಿಗಿಯಾಗಿ ಒತ್ತಿಕೊಂಡು, ಸಾಲನ್ನು ಮೊದಲಿನಿಂದ, ಒಂದೊಂದೇ ಅಕ್ಷರ ಬಿಡಿಸಿ, ಗಟ್ಟಿಯಾಗಿ ಓದತೊಡಗಿದಳು.